ಸಿಹಿ ಪಡೆಯುವ ಮುನ್ನ ಬೈಸಿಕೊಳ್ಳತಕ್ಕದ್ದು

ವಿಮಾನ ನಿಲ್ದಾಣದ ಮಳಿಗೆಯಲ್ಲಿ ಮಾರುವ ಪ್ರಾದೇಶಿಕ ಸಿಹಿಯು ಆ ಪ್ರದೇಶದ ನೆನಪಿಗಾಗಿ ಇರುವುದರಿಂದ, ನೆನಪೇ ಇಲ್ಲದವರಿಗೆ ಅದನ್ನು ಮಾರುವಂತಿಲ್ಲ. ಇದು ನಿಯಮ ಹನ್ನೊಂದು. ಹತ್ತನೆಯ ನಿಯಮ ಕೈಚೀಲದ ಬಗ್ಗೆ. ಅದು ಇಲ್ಲಿ ಬೇಕಾಗಿಲ್ಲ.

ನೀರಿನ ನಲ್ಲಿ ತಯಾರಿಸುವ ಕಂಪನಿಯ ಪ್ರತಿನಿಧಿಯೊಬ್ಬರಿಗೆ ಈ ನಿಯಮ ಗೊತ್ತಿರಲಿಲ್ಲ. ಗೊತ್ತಿದ್ದುದು ಇಷ್ಟೇ: ಹೋದ ಸಲ ಬರಿಗೈಯಲ್ಲಿ ಮನೆಗೆ ಹೋದಾಗ ಅತ್ತೆ, ಅಂದರೆ ಹೆಂಡತಿಯ ತಾಯಿ, ನಾಲ್ಕು ತಿಂಗಳು ಮಾತು ಬಿಟ್ಟಿದ್ದರು. ಮಾತು ಬಿಟ್ಟರು ಎಂದರೆ ಇವರೊಬ್ಬರ ಜೊತೆ ಮಾತ್ರ. ಆದ್ದರಿಂದ ಈ ಸಲ ಸಿಹಿ ಒಯ್ಯಲೇಬೇಕಿತ್ತು. ವಿಮಾನಕ್ಕೆ ಇಪ್ಪತ್ತೇ ನಿಮಿಷವಿತ್ತು.

"ಊರಲ್ಲಿ ಏನೇನು ನೋಡಿದ್ರಿ?" ಎಂದು ಕೇಳಿದರು ನೆನಪು ಪರಿಶೀಲನಾಧಿಕಾರಿ. ಅವರು ಗಲ್ಲಾದ ಪಕ್ಕದಲ್ಲೇ ಕುಳಿತಿರುತ್ತಾರೆ.

"ಮೂರು ದಿನವೂ ಹೋಟೆಲಿನ ನೆಲಮಾಳಿಗೆಯಲ್ಲಿ ಮೀಟಿಂಗು ಸಾರ್. ಕಿಟಕಿ ಇರ್ಲಿಲ್ಲ."

"ಏನಾದ್ರೂ ಒಂದು ನೆನಪಿರಬೇಕಲ್ಲ?"

"ರೂಮಿನ ನಲ್ಲಿ ಸೋರ್ತಿತ್ತು."

ಅಧಿಕಾರಿ ಪೆನ್ನು ತೆರೆದರು. "ನಲ್ಲಿ ಈ ಊರಿನದೇನಾ?"

"ಇಲ್ಲ ಸಾರ್. ನಮ್ಮ ಕಂಪನೀದು."

ಅಧಿಕಾರಿ ಪೆನ್ನು ಮುಚ್ಚಿದರು. "ಹಾಗಾದ್ರೆ ಅದು ನಿಮ್ಮೂರಿನ ನೆನಪು. ಎರಡನೇ ಕೌಂಟರಿಗೆ ಹೋಗಿ."

ಎರಡನೇ ಕೌಂಟರಿನಲ್ಲಿ, ನೆನಪಿಲ್ಲದವರಿಗೆ ತುರ್ತಾಗಿ ನೆನಪು ಒದಗಿಸಲಾಗುತ್ತದೆ. ಊರು ತೋರಿಸಲು ಸಮಯ ಸಾಲದು. ಹೊಗಳಿದ್ದನ್ನು ಜನ ಮರೆಯುತ್ತಾರೆ, ಬೈದದ್ದನ್ನು ಮರೆಯುವುದಿಲ್ಲ ಎಂದು ತಜ್ಞರ ಸಮಿತಿ ವರದಿ ಕೊಟ್ಟಿರುವುದರಿಂದ, ಅಲ್ಲಿ ಸ್ಥಳೀಯ ಅಜ್ಜಿಯೊಬ್ಬರನ್ನು ನೇಮಿಸಲಾಗಿದೆ. ಸ್ಥಳೀಯ ಎಂದರೆ ಅದೇ ಊರಿನವರು. ಅವರು ಕನ್ನಡಕ ಏರಿಸಿಕೊಂಡರು.

"ಏನಪ್ಪಾ, ಮೂರು ದಿನ ನಮ್ಮೂರಲ್ಲಿದ್ದು ಒಂದ್ಸಲ ತಲೆಯೆತ್ತಿ ಆಕಾಶ ನೋಡ್ಲಿಲ್ವಾ? ಕತ್ತೇನು ಬಾಡಿಗೆಗೆ ತಂದಿದ್ಯಾ? ಹೆಗ್ಗಣ ಕೂಡ ದಿನಕ್ಕೊಂದ್ಸಲ ನೆಲಮಾಳಿಗೆಯಿಂದ ಹೊರಗೆ ಬರುತ್ತೆ!"

ಪ್ರತಿನಿಧಿಯ ಕಣ್ಣಲ್ಲಿ ನೀರು ಬಂತು. ನೀರನ್ನು ಖಚಿತಪಡಿಸಿಕೊಂಡು ಅಜ್ಜಿ ಸಿಹಿಯ ಪೆಟ್ಟಿಗೆಗೆ ಮೊಹರು ಒತ್ತಿದರು. "ಹುಷಾರಾಗಿ ಹೋಗಪ್ಪಾ ಕಂದಾ" ಎಂದೂ ಹೇಳಿದರು. ಅದು ಅವರ ಕೆಲಸಕ್ಕೆ ಸೇರಿದ್ದಲ್ಲ.

ಮನೆಯಲ್ಲಿ ಅತ್ತೆ ಪೆಟ್ಟಿಗೆಯನ್ನು ತಿರುಗಿಸಿ, ತಳದ ಸಣ್ಣ ಅಕ್ಷರಗಳನ್ನು ಗಟ್ಟಿಯಾಗಿ ಓದಿದರು: 'ನಿಯಮ ಹನ್ನೊಂದು ತಿನ್ನುವವರಿಗೂ ಅನ್ವಯಿಸುತ್ತದೆ. ಊರಿಗೆ ಬಾರದವರನ್ನು ಸಿಹಿ ತಂದವರೇ ಬೈದು, ನೆನಪು ಉಂಟುಮಾಡತಕ್ಕದ್ದು.'

ಹೆಂಡತಿ ಮೊದಲು ಬಂದು ನಿಂತು, ಬೈಸಿಕೊಂಡು, ಒಂದು ತುಂಡು ತಿಂದು ಹೋದಳು. ಮುಂದಿನವರು ಅತ್ತೆ. ತಟ್ಟೆ ಹಿಡಿದು ಮುಂದೆ ಬಂದರು.

"ನಿಮ್ಮನ್ನ ಹೇಗೆ ಬಯ್ಯಲಿ ಅತ್ತೆ? ಮತ್ತೆ ಮಾತು ಬಿಟ್ರೆ?"

"ನಿಯಮ ಅಂದ್ಮೇಲೆ ಏನು ಮಾಡೋಕಾಗುತ್ತೆ ಅಳಿಯಂದ್ರೇ? ಬಯ್ಯಿ, ಬೇಗ."

ಅಳಿಯ ಕಣ್ಣು ಮುಚ್ಚಿಕೊಂಡರು. "ನೀವು... ಸೋಫಾ ಮೇಲೆ ಕೂತ್ಕೊಂಡೇ ಗೊರಕೆ ಹೊಡೀತೀರಿ."

ಅತ್ತೆ ತಲೆಯಾಡಿಸಿ ಒಂದು ತುಂಡನ್ನು ಬಾಯಿಗೆ ಹಾಕಿಕೊಂಡರು. ನಾಲ್ಕು ಸಲ ಅಗಿದರು. ಮುಖ ಅರಳಿತು. ತಟ್ಟೆಯನ್ನು ಮತ್ತೆ ಮುಂದೆ ಚಾಚಿದರು.

"ಗೊರಕೆಗೆ ಒಂದೇ ತುಂಡು ಬಂತು. ಇನ್ನೇನಾದ್ರೂ ದೊಡ್ಡದು ಇದ್ರೆ ನೋಡಿ."

ಅಳಿಯ ಮದುವೆಯ ದಿನದಿಂದ ಶುರು ಮಾಡಿದರು. ಪೆಟ್ಟಿಗೆ ಸಾಲಲಿಲ್ಲ.