ಬೀಗದಂಗಡಿಯ ಜಾಲತಾಣ ಕುರಿತು ನಾಲ್ಕನೆಯ ಮತ್ತು ಕೊನೆಯ ಎಚ್ಚರಿಕೆ

ಬೀಗ ಮತ್ತು ಕೀಲಿಕೈ ಅಂಗಡಿ
ಜಾಲತಾಣ ಯೋಜನೆ ಮತ್ತು ವಿನ್ಯಾಸ ವಿಭಾಗ
(ಅಂಗಡಿಯ ಹಿಂಬದಿ, ತುಕ್ಕು ಹಿಡಿದ ಬೀಗಗಳ ಡಬ್ಬದ ಪಕ್ಕದ ಮೇಜು)

ಸಂಖ್ಯೆ: ಬೀಕೀ/ಜಾತಾ/ಸು-೪
ದಿನಾಂಕ: ವಾರದ ರಜೆಯ ಮುನ್ನಾದಿನ

ಸುತ್ತೋಲೆ

ವಿಷಯ: ಅಂಗಡಿಯ ಜಾಲತಾಣವನ್ನು ಪೂರ್ಣಗೊಳಿಸುವ ಬಗ್ಗೆ, ತತ್ಸಂಬಂಧ ಅಣ್ಣ-ತಮ್ಮಂದಿರು ಪರಸ್ಪರ ಮಾತನಾಡುವ ಬಗ್ಗೆ.

ಉಲ್ಲೇಖ:
(ಅ) ಅಣ್ಣನವರ ಮೌಖಿಕ ಆಕ್ಷೇಪಣೆ, ಬೀದಿಯ ಕೊನೆಯವರೆಗೆ ಕೇಳಿಸಿದ್ದು.
(ಆ) ಅದಕ್ಕೆ ತಮ್ಮನವರ ಉತ್ತರ, ಶಟರ್ ಎಳೆದ ಸದ್ದಿನ ರೂಪದಲ್ಲಿ.
(ಇ) ಈ ವಿಭಾಗದ ಹಿಂದಿನ ಮೂರು ಸುತ್ತೋಲೆಗಳು. ಅವುಗಳಲ್ಲಿ ಒಂದು, ಕೀಲಿ ಸುತ್ತಿಕೊಡಲು ಬಳಕೆಯಾಗಿದೆ, ಉಳಿದವು ಪತ್ತೆಯಾಗಿಲ್ಲ.

ಈ ಅಂಗಡಿಯಲ್ಲಿ ಬೀಗ ರಿಪೇರಿ ಮಾಡುವವರು ಅಣ್ಣನವರು, ಕೀಲಿಕೈ ಕೊರೆಯುವವರು ತಮ್ಮನವರು. ಒಬ್ಬರಿಗೆ ತಂಗಿಯೂ ಇನ್ನೊಬ್ಬರಿಗೆ ಅಕ್ಕನೂ ಆಗಿ ಇವರಿಬ್ಬರ ನಡುವೆ ಹುಟ್ಟಿ, ಕಚೇರಿಯೊಂದರಲ್ಲಿ ಆಯುಷ್ಯವಿಡೀ ಸುತ್ತೋಲೆ ಬರೆದು ನಿವೃತ್ತರಾದವರನ್ನು ಸದರಿ ವಿಭಾಗದ ಮುಖ್ಯಸ್ಥೆಯಾಗಿ ನೇಮಿಸಲಾಗಿದೆ. ನೇಮಿಸಿದವರೂ ಅವರೇ.

ಜಾಲತಾಣದ ಮುಖಪುಟದಲ್ಲಿ ಬೀಗದ ಚಿತ್ರವಿರಬೇಕೋ ಕೀಲಿಕೈಯ ಚಿತ್ರವಿರಬೇಕೋ ಎಂಬ ಪ್ರಶ್ನೆ ಚರ್ಚೆಗೆ ಬಂದಾಗ, “ಬೀಗವೇ ಇಲ್ದಿದ್ರೆ ನಿನ್ನ ಕೀ ತಗೊಂಡು ಜನ ಬೆನ್ನು ತುರಿಸ್ಕೋಬೇಕಾ?” ಎಂದು ಅಣ್ಣನವರೂ, “ಕೀ ಇಲ್ಲದ ಬೀಗ ಇದ್ರೆಷ್ಟು ಬಿಟ್ರೆಷ್ಟು, ಅದರ ಬದಲು ಗೋಡೆ ಕಟ್ಕೊಳ್ಳಿ” ಎಂದು ತಮ್ಮನವರೂ ಅಭಿಪ್ರಾಯ ದಾಖಲಿಸಿರುತ್ತಾರೆ. ಅಂದಿನಿಂದ ಇಬ್ಬರೂ ಕೈಚಾಚಿದರೆ ಸಿಗುವಷ್ಟು ದೂರದಲ್ಲಿ ಬೆನ್ನು ಹಾಕಿ ಕುಳಿತಿದ್ದು, ಮಾತು ನಿಂತಿರುತ್ತದೆ. ಆದ್ದರಿಂದ ಕೆಳಕಂಡಂತೆ ಆದೇಶಿಸಲಾಗಿದೆ.

೧. ಅಪ್ಪನವರು ಬಿಟ್ಟುಹೋದ ಕಬ್ಬಿಣದ ಪೆಟ್ಟಿಗೆಗೆ ಮೂರು ಬೀಗಗಳಿದ್ದು, ಮೂವರು ಮಕ್ಕಳೂ ಒಟ್ಟಿಗೆ ನಿಂತರೆ ಮಾತ್ರ ಅದು ತೆರೆಯುವುದು ಈ ಮನೆಯ ಪದ್ಧತಿ. ಅದೇ ಪದ್ಧತಿಯಂತೆ ಜಾಲತಾಣದ ಪಾಸ್‌ವರ್ಡನ್ನೂ ಮೂರು ತುಂಡು ಮಾಡಿ ಮೂವರೂ ಒಂದೊಂದನ್ನು ಇಟ್ಟುಕೊಂಡಿರುವುದು ಸರಿಯಷ್ಟೆ. ಜಗತ್ತಿನ ಬೇರಾವ ಅಂಗಡಿಯವರೂ ಹೀಗೆ ಮಾಡಿದ ನಿದರ್ಶನ ಕಂಡುಬಂದಿಲ್ಲ. ಪರಿಣಾಮವಾಗಿ, ಊರವರ ಬಾಗಿಲನ್ನೆಲ್ಲ ತೆರೆದುಕೊಡುವವರು ತಮ್ಮದೇ ಜಾಲತಾಣದ ಹೊರಗೆ ನಿಂತಿರುತ್ತಾರೆ.

೨. ಜಾಲತಾಣವು ಅರ್ಧಕ್ಕೇ ನಿಂತಿರುವುದರಿಂದ, ಮುಖಪುಟದಲ್ಲಿ ಈಗಲೂ “ನಿಮ್ಮ ವ್ಯಾಪಾರದ ಹೆಸರನ್ನು ಇಲ್ಲಿ ಬರೆಯಿರಿ” ಎಂಬ ಸಾಲೂ, ಅದರ ಕೆಳಗೆ ಮಾದರಿ ಪುಟದ ಜೊತೆಗೇ ಬಂದ, ಸೊಪ್ಪು ತಿನ್ನುತ್ತ ನಗುತ್ತಿರುವ ಅಪರಿಚಿತ ದಂಪತಿಯ ಚಿತ್ರವೂ ಇರುತ್ತವೆ. ಇವರು ಯಾರೆಂದು ಗ್ರಾಹಕರು ಕೇಳಿದ್ದಕ್ಕೆ, “ತಮ್ಮನ ಹೆಂಡತಿ ಕಡೆಯವರು” ಎಂದು ಅಣ್ಣನವರು ಉತ್ತರಿಸಿರುವುದು ಶಿಸ್ತಿನ ಉಲ್ಲಂಘನೆಯಾಗಿದೆ.

೩. ಸಂಪರ್ಕ ಪುಟದಲ್ಲಿ ಒಂದು ಅಂಕಿ ತಪ್ಪಿ ಎದುರು ಸಾಲಿನ ಸಲೂನಿನ ನಂಬರು ಬಿದ್ದಿತ್ತು. ಒಲೆಯ ಮೇಲೆ ಹಾಲಿಟ್ಟು, ಕೀಲಿ ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡ ಅಜ್ಜಿಯೊಬ್ಬರು ಆ ನಂಬರಿಗೆ ಕರೆ ಮಾಡಿ, “ಬೇಗ ಬಾಪ್ಪಾ, ಸಾಮಾನು ಮರೀಬೇಡ” ಎಂದಿದ್ದಾರೆ. ಸಲೂನಿನವರು ಗಿರಾಕಿಯ ಅರ್ಧ ಮೀಸೆಯನ್ನು ಹಾಗೇ ಬಿಟ್ಟು, ಕತ್ತರಿ ಬಾಚಣಿಗೆ ಸಮೇತ ಅಜ್ಜಿಯ ಬಾಗಿಲಿಗೆ ಓಡಿದ್ದಾರೆ. ಅಲ್ಲಿ ವಿಷಯ ತಿಳಿದು ನಮ್ಮ ಅಂಗಡಿಗೆ ಓಡಿ ಬಂದಿದ್ದಾರೆ. ಬೀಗ ತೆರೆಯಲಾಯಿತು, ಪಾತ್ರೆ ಮಾತ್ರ ಉಳಿಯಲಿಲ್ಲ. ಈ ನಂಬರು ಆ ಸಂಜೆಯೇ ತಾನಾಗಿ ಸರಿಹೋಗಿರುವುದು ಕಂಡುಬಂದಿದೆ. ಹೇಗೆಂದು ತಿಳಿದುಬಂದಿಲ್ಲ. ವಿಚಾರಣೆಯ ಅಗತ್ಯವಿಲ್ಲ.

೪. “ನಾವು ಮಾಡಿದ ಕೆಲಸಗಳು” ಪುಟಕ್ಕಾಗಿ ತಮ್ಮನವರು ಗ್ರಾಹಕರ ಕೀಲಿಕೈಗಳ ಫೋಟೋಗಳನ್ನು, ಹಲ್ಲು ಹಲ್ಲೂ ಸ್ಪಷ್ಟವಾಗಿ ಕಾಣುವಂತೆ ತೆಗೆದು, ಪ್ರತಿಯೊಂದರ ಕೆಳಗೂ ಮನೆಯ ವಿಳಾಸವನ್ನು ಅಂದವಾಗಿ ಬರೆದುಕೊಟ್ಟಿರುತ್ತಾರೆ. ಅವರ ಶ್ರದ್ಧೆಯನ್ನು ಮೆಚ್ಚಲಾಗಿದೆ. ಕಳ್ಳರಿಗೆ ಇಷ್ಟು ಉಪಕಾರ ಸಾಕೆಂದು ತೀರ್ಮಾನಿಸಿ ಸದರಿ ಫೋಟೋಗಳನ್ನು ವಜಾ ಮಾಡಲಾಗಿದೆ.

೫. “ನಮ್ಮ ಬಗ್ಗೆ” ಪುಟಕ್ಕೆ ಅಣ್ಣನವರು ಒದಗಿಸಿದ ಬರಹವು ಮುತ್ತಜ್ಜನ ಬಾಲ್ಯದಿಂದ ಆರಂಭವಾಗಿದ್ದು, ಎಷ್ಟು ಓದಿದರೂ ಅಂಗಡಿ ಇನ್ನೂ ತೆರೆದಿಲ್ಲ. ತಮ್ಮನವರು ಒದಗಿಸಿದ ಬರಹ ಇಷ್ಟೇ: “ಎಲ್ಲರಿಗೂ ಗೊತ್ತು.” ಇವೆರಡರ ನಡುವೆ ಎಲ್ಲಾದರೂ ಒಂದು ಕಡೆ ನಿಲ್ಲುವಂತೆ ಸೂಚಿಸಲಾಗಿದೆ.

೬. ಅಕ್ಷರಗಳು ಓಡುವುದು, ಮಿನುಗುವುದು ಮತ್ತು ಸುತ್ತುವುದನ್ನು ನಿಷೇಧಿಸಲಾಗಿದೆ. ಕೀಲಿ ಕಳೆದುಕೊಂಡು ಬಂದವರ ತಲೆ ಮೊದಲೇ ಸುತ್ತುತ್ತಿರುತ್ತದೆ. ಯಾವುದೇ ಗುಂಡಿ ಒತ್ತಿದಾಗ ಬಾಗಿಲು ಕಿರುಗುಟ್ಟುವ ಸದ್ದು ಬರಬೇಕೆಂಬ ಅಣ್ಣನವರ ಕೋರಿಕೆಯನ್ನು, ಎಣ್ಣೆ ಹಾಕಲು ಗೊತ್ತಿಲ್ಲದವರ ಅಂಗಡಿ ಎಂಬ ಅಪಪ್ರಚಾರಕ್ಕೆ ಎಡೆಯಾಗುವ ಕಾರಣ ತಿರಸ್ಕರಿಸಲಾಗಿದೆ.

೭. ಗ್ರಾಹಕರನ್ನು ಅಂಚೆಯವರಂತೆ ಬಳಸುವುದನ್ನು ತಕ್ಷಣದಿಂದ ನಿಲ್ಲಿಸತಕ್ಕದ್ದು. ಸೂಟ್‌ಕೇಸ್ ತೆರೆಸಲು ಬಂದ ಸಭ್ಯರೊಬ್ಬರು, “ಆ ಕಡೆ ಕೂತಿರೋರಿಗೆ ಸ್ವಲ್ಪ ಕೀ ಉಜ್ಜೋ ಅರ ಕೊಡೋಕೆ ಹೇಳಿ”, “ಅರ ಅವರ ಕಾಲ ಕೆಳಗೇ ಇದೆ ಅಂತ ಹೇಳಿ” ಎಂದು ಎರಡೂ ಕಡೆಗೆ ತಲೆ ತಿರುಗಿಸಿ ತಿರುಗಿಸಿ, ಕೊನೆಗೆ ಸೂಟ್‌ಕೇಸನ್ನು ಇಲ್ಲೇ ಬಿಟ್ಟು ಹೋಗಿರುತ್ತಾರೆ. ಕತ್ತಿನ ನೋವಿಗೆ ವಿಭಾಗ ಹೊಣೆಯಲ್ಲ.

೮. ಮುಖಪುಟದ ಚಿತ್ರದ ಬಗ್ಗೆ ವಿಭಾಗದ ಅಂತಿಮ ತೀರ್ಮಾನ: ಅಣ್ಣನವರು ಬೀಗವನ್ನು ಹಿಡಿದಿರತಕ್ಕದ್ದು, ತಮ್ಮನವರು ಅದರಲ್ಲಿ ಕೀಲಿ ಹಾಕಿ ತಿರುಗಿಸುತ್ತಿರತಕ್ಕದ್ದು. ಚಿತ್ರದಲ್ಲಿ ಕೈಗಳು ಮಾತ್ರ ಸಾಕು, ಏಕೆಂದರೆ ಯಾವ ಫೋಟೋದಲ್ಲೂ ಅಣ್ಣನವರ ಕಣ್ಣು ತೆರೆದಿರುವುದಿಲ್ಲ. ಭುಜಕ್ಕೆ ಭುಜ ತಾಗದೆ ಈ ಚಿತ್ರ ತೆಗೆಯಲಾಗದು ಎಂಬುದನ್ನು ವಿಭಾಗ ಪರೀಕ್ಷಿಸಿ ಖಚಿತಪಡಿಸಿಕೊಂಡಿದೆ.

೯. ನಾಳೆ ರಜೆಯಾದ್ದರಿಂದ, ಮೂವರೂ ಈ ಮೇಜಿನ ಮುಂದಿನ ಬೆಂಚಿನ ಮೇಲೆ ಕುಳಿತು ಪಾಸ್‌ವರ್ಡ್ ಹಾಕತಕ್ಕದ್ದು. ಒಬ್ಬರು ತಮ್ಮ ತುಂಡನ್ನು ಒತ್ತುವಾಗ ಉಳಿದಿಬ್ಬರು ಕಣ್ಣು ಮುಚ್ಚತಕ್ಕದ್ದು. ಬೆಂಚಿನ ನಡುವೆ ಮುಖ್ಯಸ್ಥೆ ಕೂರುವ ವಾಡಿಕೆಯನ್ನು ರದ್ದುಪಡಿಸಲಾಗಿದ್ದು, ಅವರು ತುದಿಯಲ್ಲಿ ಕೂರುತ್ತಾರೆ. ಕೀಬೋರ್ಡನ್ನು ಕೈಯಿಂದ ಕೈಗೆ ದಾಟಿಸತಕ್ಕದ್ದು; “ತಗೋ” ಎಂಬ ಪದವನ್ನು ಬಳಸುವುದು ಕಡ್ಡಾಯ.

೧೦. ಕಂಡಿಕೆ ಒಂಬತ್ತನ್ನು ಪಾಲಿಸಲು ಆಗದಿದ್ದಲ್ಲಿ ಜಾಲತಾಣವನ್ನು ಕೈಬಿಡಲಾಗುವುದು. ಜಾಲತಾಣವಿಲ್ಲದೆ ಇಷ್ಟು ವರ್ಷ ಬದುಕಿದ್ದೇವೆ, ಇನ್ನೂ ಬದುಕಬಹುದು. ಆದರೆ ಚಿಕ್ಕಂದಿನಿಂದ ಇವರಿಬ್ಬರ ಕಿತ್ತಾಟ ಕೇಳಿಕೊಂಡೇ ಬೆಳೆದವರಿಗೆ ಅಂಗಡಿಯ ಈ ಮೌನ ಸಹಿಸಲು ಆಗುತ್ತಿಲ್ಲ. ಈ ಸಾಲನ್ನು ಆಡಳಿತಾತ್ಮಕವಾಗಿ ಓದಿಕೊಳ್ಳತಕ್ಕದ್ದು.

ಈ ಆದೇಶವು ಯಾರ ಮುಖವನ್ನೂ ನೋಡದೆ, ಎರಡೂ ಕಡೆಯ ಬೆನ್ನನ್ನು ಮಾತ್ರ ನೋಡಿ ಹೊರಡಿಸಲ್ಪಟ್ಟಿದೆ.

(ಸಹಿ)
ಮುಖ್ಯಸ್ಥೆ, ಮತ್ತು ನಡುವಿನವಳು
ಜಾಲತಾಣ ಯೋಜನೆ ಮತ್ತು ವಿನ್ಯಾಸ ವಿಭಾಗ

ಪ್ರತಿಗಳು:

೧. ಅಣ್ಣನವರಿಗೆ: ತಮ್ಮನವರ ಕೈಯಿಂದ ತಲುಪಿಸುವುದು.

೨. ತಮ್ಮನವರಿಗೆ: ಅಣ್ಣನವರ ಕೈಯಿಂದ ತಲುಪಿಸುವುದು.

೩. ಇಬ್ಬರ ಮನೆಯವರಿಗೆ: ಇವರು ಜಗಳದ ಬಗ್ಗೆ ದಿನವೂ ಫೋನಿನಲ್ಲಿ ಮಾತನಾಡಿಕೊಂಡು ನಗುತ್ತಿರುವುದರಿಂದ, ಮಾಹಿತಿಗಾಗಿ ಮಾತ್ರ. ನಾಳೆ ಚಹಾ ಕಳಿಸುವುದು.

೪. ಸಲೂನಿನವರಿಗೆ: ಕೃತಜ್ಞತೆಗಳೊಂದಿಗೆ. ಉಳಿದರ್ಧ ಮೀಸೆಯ ವಿಲೇವಾರಿಯ ವರದಿ ಕಳಿಸುವುದು.

೫. ಅಜ್ಜಿಯವರಿಗೆ: ಹೊಸ ಪಾತ್ರೆಯ ಸಮೇತ.

೬. ಕಡತಕ್ಕೆ (ಈ ಸಾಲು ಮೇಲಿನ ಪ್ರತಿಗಳಲ್ಲಿ ಇರತಕ್ಕದ್ದಲ್ಲ): ಜಾಲತಾಣದ ಪರದೆಯಲ್ಲಿ “ಪಾಸ್‌ವರ್ಡ್ ಮರೆತಿದ್ದೀರಾ?” ಎಂಬ ಸಾಲಿದ್ದು, ಅದನ್ನು ಒತ್ತಿದರೆ ಮುಖ್ಯಸ್ಥೆಯ ಫೋನಿಗೇ ದಾರಿ ಬರುವುದನ್ನು ಮೊದಲ ದಿನವೇ ಗಮನಿಸಲಾಗಿದೆ. ಆದರೆ ಸಂಪರ್ಕ ಪುಟದ ನಂಬರು ತಿದ್ದಲು ಅದನ್ನು ಒತ್ತುವ ಅಗತ್ಯ ಬೀಳಲಿಲ್ಲ, ಮೂರು ತುಂಡುಗಳೂ ಮುಖ್ಯಸ್ಥೆಯ ಬಳಿಯೇ ಇದ್ದವು. ತಮ್ಮ ತಮ್ಮ ತುಂಡನ್ನು ಇಬ್ಬರೂ ಮೊದಲ ದಿನವೇ ಬೇರೆ ಬೇರೆಯಾಗಿ ಬಂದು ಅವರ ಕಿವಿಯಲ್ಲಿ ಹೇಳಿ ಹೋಗಿದ್ದರು, ತಮಗೆ ಮರೆತುಹೋದರೆ ಇರಲಿ ಎಂದು.