ಮಾವ ಬಂದ್ ಮಾಡಿದ ನೀರು

ನನ್ನ ಸೋದರಮಾವ ಜೀವಮಾನದಲ್ಲಿ ಒಬ್ಬರಿಗೂ ಮೋಸ ಮಾಡಿದವನಲ್ಲ. ಅದಕ್ಕೇ ಅವನನ್ನು ಕಂಡರೆ ಅರ್ಧ ಸುರಪುರ ತಾಲ್ಲೂಕಿಗೆ ಆಗುವುದಿಲ್ಲ. ಉಳಿದರ್ಧಕ್ಕೆ ಅವನ ಪರಿಚಯವಿಲ್ಲ!

ನಾನು ಪತ್ರಿಕೆಯೊಂದರ ಯಾದಗಿರಿ ವರದಿಗಾರ. ಸಿಟ್ಟಿನಲ್ಲಿ ಬರೆಯಬಾರದು, ಎರಡೂ ಕಡೆಯವರ ಹೇಳಿಕೆ ಪಡೆಯದೆ ಒಂದು ಸಾಲೂ ಕಳಿಸಬಾರದು ಎಂದು ಬೈಸಿಕೊಂಡೇ ಕಲಿತವನು. ಇದನ್ನು ಮಾತ್ರ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಹನ್ನೆರಡು ಗುಲಾಬಿ ಗಿಡ ಸತ್ತ ಮನೆಯ ಯಜಮಾನನಿಂದ ಇದಕ್ಕಿಂತ ಹೆಚ್ಚಿನ ಸಮಾಧಾನವನ್ನು ಯಾರೂ ನಿರೀಕ್ಷಿಸಬಾರದು.

ಮಾವ ಕಾಲುವೆಯಲ್ಲಿ ಲಸ್ಕರ್ ಆಗಿದ್ದ. ಅಂದರೆ ಗೇಟು ಎತ್ತಿ ನೀರು ಬಿಡುವ, ಗೇಟು ಇಳಿಸಿ ನೀರು ನಿಲ್ಲಿಸುವ ನೌಕರ. ಕೃಷ್ಣೆಯ ನೀರು ನಮ್ಮ ಕರಿ ಹೊಲಗಳ ನಡುವೆ ಹರಿಯತೊಡಗಿದ ಹೊಸದರಲ್ಲಿ ಕೆಲಸಕ್ಕೆ ಸೇರಿದವನು. ಹೆಗಲ ಮೇಲೆ ಗೇಟು ತಿರುಗಿಸುವ ಕಬ್ಬಿಣದ ಹ್ಯಾಂಡಲ್, ಬಾಯಲ್ಲಿ ಸೀಟಿ, ತಲೆಯಲ್ಲಿ ಒಂದೇ ನಿಯಮ: ಕಾಲುವೆಯ ತುದಿಯ ಹೊಲಕ್ಕೆ ಮೊದಲು ನೀರು, ಮೇಲಿನವರಿಗೆ ಆಮೇಲೆ. ಮೇಲಿನವರು ದೊಡ್ಡ ಕುಳಗಳು. ಅವರಲ್ಲೊಬ್ಬ ಸಾಹುಕಾರ ಒಮ್ಮೆ ಮಾವನ ಮನೆಗೆ ಕೋಳಿಯೊಂದನ್ನು ಕಳಿಸಿದ. ಮಾವ ಊರಲ್ಲಿರಲಿಲ್ಲ. ಎರಡು ದಿನ ಬಿಟ್ಟು ಬಂದವನು ಕೋಳಿಯನ್ನು ಕಂಕುಳಲ್ಲಿ ಅವುಚಿಕೊಂಡು ಸಾಹುಕಾರನ ಮನೆಗೆ ನಡೆದ. ಜೊತೆಗೆ ಎರಡು ತತ್ತಿ. ಆ ಎರಡು ದಿನದಲ್ಲಿ ಅದು ಇಟ್ಟಂಥವು! ಅವುಗಳಲ್ಲಿ ಒಂದನ್ನು ಮಗ ತಿಂದಿದ್ದನಂತೆ. ಅದರ ಬದಲಿಗೆ ಅಂಗಡಿಯಿಂದ ಒಂದು ಕೊಂಡು ಸೇರಿಸಿದ್ದ.

ಇಂಥವನನ್ನು ಮದುವೆಯಲ್ಲಿ ಬಡಿಸಲು ಹಚ್ಚಬಾರದು. ನನ್ನ ತಂಗಿಯ ಮದುವೆಯಲ್ಲಿ ಹಚ್ಚಿದೆವು. ಹುಗ್ಗಿಯ ಬಕೆಟ್ ಹಿಡಿದವನು ಬೀಗರು ಕುಳಿತ ಸಾಲಿನ ತಲೆಯಿಂದ ಶುರು ಮಾಡಬೇಕೋ ಬೇಡವೋ? ಮಾವ ನೆಟ್ಟಗೆ ಸಾಲಿನ ತುದಿಗೆ ಹೋದ. ಅಲ್ಲಿ ಬಾಜಾ ಬಾರಿಸುವವರು ಕುಳಿತಿದ್ದರು. ತುದಿಯಿಂದ ಬಡಿಸುತ್ತ ಬಡಿಸುತ್ತ ಬೀಗರ ಎಲೆಯ ಹತ್ತಿರ ಬರುವ ಹೊತ್ತಿಗೆ ಬಕೆಟ್ ಬರಿದು. ಮದುಮಗನ ಅಪ್ಪ ಖಾಲಿ ಎಲೆಯ ಮುಂದೆ ಕೆಂಪಗೆ ಕುಳಿತಿದ್ದಾರೆ, ಮಾವ ಅವರಿಗೆ ಸಮಾಧಾನ ಹೇಳುತ್ತಿದ್ದಾನೆ: "ಗಾಬರಿ ಆಗಬ್ಯಾಡ್ರಿ ಬೀಗರ, ಮುಂದಿನ ಪಾಳಿ ನಿಮ್ದ ಅದ."

ಇಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಈ ಪ್ರಾಮಾಣಿಕತೆಯಿಂದ ನಮ್ಮ ಮನೆಯೊಳಗೇ ಒಂದು ಗಾಯವಾಗಿದೆ.

ನನ್ನ ಅವ್ವ ಅವನ ಅಕ್ಕ. ತಾಯಿ ಸತ್ತ ತಮ್ಮನನ್ನು ಟೊಂಕದ ಮೇಲೆ ಹೊತ್ತು ಸಾಕಿದವಳು. ಕಕ್ಕೇರಾ ಕಡೆ ನಮ್ಮದು ನಾಲ್ಕು ಎಕರೆ, ಮಾವನದೇ ಕಾಲುವೆಯ ಕಟ್ಟಕಡೆಯ ತುದಿಯಲ್ಲಿತ್ತು. ಒಂದು ವರ್ಷ ಬೇಸಿಗೆಯ ಭತ್ತ ಹಾಲುಗಾಳಿನಲ್ಲಿತ್ತು. ಇನ್ನೊಂದು ನೀರು ಸಿಕ್ಕಿದ್ದರೆ ಬೆಳೆ ಮನೆಗೆ ಬರುತ್ತಿತ್ತು. ಅಷ್ಟರಲ್ಲಿ ಕಾಲುವೆ ಬಂದ್ ಮಾಡಬೇಕು, ಉಳಿದ ನೀರು ಊರುಗಳಿಗೆ ಕುಡಿಯಲು ಮಾತ್ರ ಎಂದು ಆದೇಶ ಬಂತು. ಅವ್ವ ಗೇಟಿನ ಹತ್ತಿರ ಹೋಗಿ ನಿಂತಳು. ಕಾಲುವೆಯಲ್ಲಿ ಮೊಣಕಾಲುದ್ದ ನೀರು ಕಣ್ಣಿಗೆ ಕಾಣುತ್ತಿದೆ.

"ಒಂದ ತಾಸು ಎತ್ತೋ ತಮ್ಮಾ."

"ಅದು ಕುಡಿಯೋ ನೀರೈತಿ ಅಕ್ಕ."

ಭತ್ತ ಒಣಗಿತು. ಅದನ್ನಾದರೂ ಅವ್ವ ನುಂಗಿಕೊಳ್ಳುತ್ತಿದ್ದಳೇನೋ. ಮೂರು ದಿನ ಬಿಟ್ಟು ಆ ದಾರಿಯಲ್ಲಿ ಬರುವಾಗ ಕಾಲುವೆಯ ತಲೆಯಲ್ಲಿದ್ದ ಸಾಹುಕಾರನ ಹೊಲ ಹಸಿಯಾಗಿರುವುದನ್ನು ಕಣ್ಣಾರೆ ಕಂಡಳು. ಅದೇ ಕೋಳಿಯ ಸಾಹುಕಾರ! ಅಂದಿನಿಂದ ತಮ್ಮನ ಜೊತೆ ಮಾತಿಲ್ಲ. ಅವನು ಕೋಳಿ ವಾಪಸ್ ಕೊಟ್ಟದ್ದನ್ನು ಯಾರಾದರೂ ನೆನಪಿಸಿದರೆ ಅವ್ವನ ಉತ್ತರ ಸಿದ್ಧವಿರುತ್ತದೆ: "ಕೋಳಿ ಯಾಕ ವಾಪಸ್ ಕೊಟ್ಟ? ಕುರಿ ಸಿಕ್ಕಿರಬೇಕು, ಅದಕ್ಕ."

ಇದು ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಹೊಲ ಮಾರಿ, ಯಾದಗಿರಿಯಲ್ಲಿ ಮನೆ ಕಟ್ಟಿ, ಅಪ್ಪ ತೀರಿಕೊಂಡು, ನನ್ನ ಮಕ್ಕಳು ಹೈಸ್ಕೂಲಿಗೆ ಬಂದರೂ ಆ ಹಸಿ ಇನ್ನೂ ಆರಿಲ್ಲ. ಮಾವ ಪ್ರತಿ ನಾಗರಪಂಚಮಿಗೆ ಶಹಾಪುರದಿಂದ ಬಸ್ಸು ಹತ್ತಿ ಅಕ್ಕನನ್ನು ತವರಿಗೆ ಕರೆಯಲು ಬರುತ್ತಾನೆ. ಅವ್ವ ಹೋಗುವುದಿಲ್ಲ. ಅವನು ಚಹಾ ಕುಡಿದು ವಾಪಸ್ ಬಸ್ಸು ಹತ್ತುತ್ತಾನೆ. ಸಾಹುಕಾರನ ಹೊಲ ಹೇಗೆ ಹಸಿಯಾಯಿತು ಎಂದು ನಾನು ಎಷ್ಟೋ ಸಲ ಕೇಳಿದ್ದೇನೆ. ಅವನದು ಒಂದೇ ಮಾತು: "ಅಕ್ಕ ತನ್ನ ಬಾಯಿಲೆ ಕೇಳಲಿ, ಹೇಳ್ತೀನಿ." ಅವ್ವನದೂ ಒಂದೇ ಮಾತು: "ಅಂವ ತಾನಾಗಿ ಹೇಳಲಿ, ಕೇಳ್ತೀನಿ."

ನಡುವೆ ನಾನು. ಇಬ್ಬರೂ ಒಂದೇ ಪಡಸಾಲೆಯಲ್ಲಿ ಎರಡು ಮಾರು ಅಂತರದಲ್ಲಿ ಕುಳಿತು ನನ್ನ ಮೂಲಕ ಮಾತಾಡುತ್ತಾರೆ.

"ಅಂವಗ ಹೇಳು, ಚಾ ಆರಾಕತ್ತದ ಅಂತ."

"ಅಕ್ಕಗ ಹೇಳು, ಸಕ್ಕರಿ ಜಾಸ್ತಿ ಆಗ್ಯಾದ ಅಂತ."

"ಅಂವಗ ಹೇಳು, ಸಕ್ಕರಿ ಕಾಲುವಿ ನೀರಲ್ಲ, ಅಳದು ಅಳದು ಬಿಡಾಕ."

ಇಬ್ಬರಿಗೂ ಕೇಳಿಸುತ್ತದಲ್ಲ ಎಂದು ನಾನು ಒಮ್ಮೆ ಸುಮ್ಮನೆ ಕುಳಿತೆ. ಅವ್ವ ಗದರಿದಳು, "ಹೇಳ್ದೇನು ಇಲ್ಲ?" ಎರಡೂ ಕಡೆಯವರ ಹೇಳಿಕೆ ಪಡೆಯುವ ನನ್ನ ತರಬೇತಿ ಆಗಿದ್ದು ಪತ್ರಿಕಾ ಕಚೇರಿಯಲ್ಲಲ್ಲ ಸ್ವಾಮಿ, ಈ ಪಡಸಾಲೆಯಲ್ಲಿ!

ಈ ಬೇಸಿಗೆ ಸೂಟಿಯಲ್ಲಿ ಧಾರವಾಡಕ್ಕೆ, ಹೆಂಡತಿಯ ಅಕ್ಕನ ಮನೆಗೆ ಇಪ್ಪತ್ತು ದಿನ ಹೋಗುವುದೆಂದು ಆಯಿತು. ಅವ್ವನೂ ಹೊರಟಳು. ಉಳಿದದ್ದು ತೋಟ. ತೋಟವೆಂದರೆ ಏನೋ ಅಂದುಕೊಳ್ಳಬೇಡಿ, ಮನೆಯ ಸುತ್ತಲಿನ ಒಂದಷ್ಟು ಜಾಗ. ಮುಂದೆ ನನ್ನ ಗುಲಾಬಿ, ಬದಿಗೆ ಹೆಂಡತಿಯ ಮಲ್ಲಿಗೆ ಮತ್ತು ಹತ್ತಿಕುಣಿಯಿಂದ ತಂದ ಮಾವಿನ ಸಸಿ, ಹಿಂದೆ ಬಚ್ಚಲಿನ ಹತ್ತಿರ ಅವ್ವನ ಪುಂಡಿಪಲ್ಯದ ಮಡಿ. ಆದರೆ ಯಾದಗಿರಿಯ ಮೇ ತಿಂಗಳಲ್ಲಿ ಒಂದು ಹಸಿರೆಲೆ ಉಳಿಸಿಕೊಳ್ಳುವುದೂ ಒಂದು ಸಾಧನೆ. ಯಾರಿಗೆ ಒಪ್ಪಿಸುವುದು?

"ಮಾವಾರಿಗೆ ಹೇಳೂಣ್ರಿ. ಜೀವಮಾನ ಪೂರಾ ನೀರು ಬಿಟ್ಟವರು," ಎಂದಳು ಹೆಂಡತಿ.

ಅವ್ವ ಒಳಗಿನಿಂದಲೇ ಅಂದಳು: "ನನಗ ಬಿಡಲಾರದಂವ ನಿಮ್ಮ ಗುಲಾಬಿಗೆ ಬಿಡ್ತಾನ? ನೋಡ್ರಿ. ನಿಮಗಾದ್ರ ಬಿಟ್ಟಾನು. ದೊಡ್ಡ ಮಂದಿ ನೀವು, ಪೇಪರಿನವರು."

ಮಾವ ಬಂದ. ನಿವೃತ್ತಿಯಾಗಿ ಆರು ವರ್ಷವಾದರೂ ಸೀಟಿ ಕೊರಳಲ್ಲೇ ಇತ್ತು. ನಮ್ಮ ಬೋರು ತೋರಿಸಿದೆ. ಓಣಿಯಲ್ಲಿ ಬತ್ತದೆ ಉಳಿದದ್ದು ಅದೊಂದೇ, ಅದೂ ದಿನಕ್ಕೆ ಒಂದು ತಾಸು ಮಾತ್ರ ನೀರೆತ್ತುತ್ತದೆ. "ಗಿಡಕ್ಕ ಅಷ್ಟು ಸಾಕು ಮಾವಾ," ಎಂದೆ. ಅವನು ಹೂಂ ಅಂದ. ಈ 'ಹೂಂ' ಅನ್ನು ನಾನು ಬರೆಸಿಕೊಳ್ಳಬೇಕಾಗಿತ್ತು. ಧಾರವಾಡದಿಂದ ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕೂ ಸಲ ಒಂದೇ ಉತ್ತರ: "ಎಲ್ಲಾ ಆರ್ಡರ್ ಪ್ರಕಾರ ನಡದದ." ಯಾರ ಆರ್ಡರ್ ಎಂದು ಕೇಳುವ ಬುದ್ಧಿ ಒಬ್ಬ ವರದಿಗಾರನಿಗೆ ಬರಲಿಲ್ಲ ನೋಡಿ!

ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ಆಟೋ ಇಳಿದೆವು. ಕಂಡದ್ದನ್ನು ಕಂಡ ಹಾಗೆ ದಾಖಲಿಸುತ್ತೇನೆ. ಗುಲಾಬಿ ಗಿಡಗಳು ಹನ್ನೆರಡು, ಹನ್ನೆರಡೂ ಕಸಬರಿಗೆ ಕಡ್ಡಿ. ಮಲ್ಲಿಗೆಯ ಬಳ್ಳಿ ಹಳೆಯ ಹಗ್ಗದಂತೆ ಜೋತಿದೆ. ಮಾವಿನ ಸಸಿಯ ಎಲೆ ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತದೆ. ನೆಲ ಅಂಗೈ ಹೋಗುವಷ್ಟು ಬಿರಿದಿದೆ. ಬೋರಿನ ನಳಕ್ಕೆ ಬೀಗ! ಕಂಪೌಂಡಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಪಟ್ಟಿ: ಓಣಿಯ ಹದಿನಾಲ್ಕು ಮನೆಗಳು, ತುದಿಯ ಮನೆಯಿಂದ ಶುರುವಾಗಿ, ಎದುರಿಗೆ ಕೊಡಗಳ ಲೆಕ್ಕ. ಎಲ್ಲಕ್ಕಿಂತ ಕೆಳಗೆ "ಈ ಮನಿ".

ಕಟ್ಟೆಯ ಮೇಲೆ ಕುಳಿತಿದ್ದ ಮಾವ ಎದ್ದು ನಿಂತ. ಅಷ್ಟರಲ್ಲಿ ಎದುರು ಮನೆಯ ಟೀಚರಮ್ಮ ಶೇಂಗಾ ಹೋಳಿಗೆಯ ತಾಟು ಹಿಡಿದು ಬಂದರು. "ಬಂದ್ರೇನ್ರಿ ಅಣ್ಣಾರ! ಹದಿನೆಂಟು ದಿನ ನಳದ ನೀರು ಬರಲಿಲ್ರಿ, ದೊಡ್ಡ ಪೈಪ್ ಒಡದಿತ್ತು. ನಿಮ್ಮ ಮಾವ ಇರಲಿಲ್ಲಂದ್ರ ಓಣಿ ಬಿಟ್ಟು ಹೋಗಬೇಕಾಗಿತ್ತು. ತುದಿಮನಿ ಕುರಿಗಾರ ಮುದುಕಿ ಆಡಿಗೂ ಎರಡು ಬಕೆಟ್ ದಿನಾ ತಪ್ಪಿಲ್ಲ ನೋಡ್ರಿ!"

ನೋಡಿದಿರಾ ಈ ಮನುಷ್ಯನ ಅನ್ಯಾಯ? ತೋಟವನ್ನೂ ಕೊಂದ, ಸಿಟ್ಟು ಮಾಡಿಕೊಳ್ಳುವ ಹಕ್ಕನ್ನೂ ಕಸಿದುಕೊಂಡ! ಕೈಯಲ್ಲಿ ಹೋಳಿಗೆ ಹಿಡಿದು ಯಾರಾದರೂ ಕೂಗಾಡುವುದು ಹೇಗೆ? ಆದರೂ ನಾನು ಕೂಗಾಡಿದೆ. "ಮಂದಿಗೆ ಕೊಟ್ಟಿ, ಖರೆ. ಕೊಡಬೇಕಾದ್ದ. ಆದ್ರ ಗಿಡಕ್ಕ ನಾಕು ಚಂಬು ಹಾಕಾಕ ನಿನಗೇನು ಧಾಡಿ ಆಗಿತ್ತು ಮಾವಾ?"

"ಬ್ಯಾಸಗಿಯಾಗ ನೀರು ಮಂದಿಗಿ, ದನಕ್ಕ. ಬೆಳಿಗಿ ಇಲ್ಲ."

"ಇದು ಕಾಲುವಿ ಅಲ್ಲೋ! ನನ್ನ ಮನಿ! ಎಲ್ಲೈತಿ ಆ ಆರ್ಡರ್?"

ಮಾವ ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ಹುಷಾರಾಗಿ ಬಿಚ್ಚಿದ. ಪತ್ರಿಕೆಯ ತುಣುಕು. ಬೇಸಿಗೆಯಲ್ಲಿ ಲಭ್ಯ ನೀರನ್ನು ಜನ, ಜಾನುವಾರುಗಳಿಗಷ್ಟೇ ಮೀಸಲಿಡಬೇಕು, ಪ್ರಭಾವಿಗಳ ಬೆಳೆಗೆ ಹರಿಸಿದರೆ ಅದು ಅಕ್ಷಮ್ಯ ಎಂದು ಗುಡುಗಿದ ಲೇಖನ.

"ಕೆಳಗ ಬರದಾಂವ ಯಾರು, ಓದು," ಎಂದ.

ನಾನು ಓದಲಿಲ್ಲ. ಹೆಸರು ನನ್ನದೇ ಆಗಿತ್ತು.

"ತುಳಸಿಗಾದ್ರೂ ಹಾಕೀರೋ ಇಲ್ಲೋ?" ಹೆಂಡತಿ ಹೆಚ್ಚುಕಡಿಮೆ ಅಳುತ್ತಿದ್ದಳು.

"ಹಾಕೀನವ್ವ. ದಿನಾ ಒಂದು ಚಂಬು. ತುಳಸಿ ಮನಿ ಮಂದ್ಯಾಗ ಬರ್ತಾಳ."

ಅಷ್ಟರಲ್ಲಿ ಹಿತ್ತಲಿನಿಂದ ಅವ್ವನ ದನಿ ಬಂತು. ಎಲ್ಲರೂ ಓಡಿದೆವು. ಪುಂಡಿಪಲ್ಯದ ಮಡಿಯಲ್ಲಿ ನಾಲ್ಕಾರು ಕೆಂಪು ಕಡ್ಡಿಗಳು ಬಿಟ್ಟರೆ ಏನೂ ಇರಲಿಲ್ಲ. ಅಕ್ಕನ ಭತ್ತ ಒಣಗಿಸಿದವನು ಈಗ ಅಕ್ಕನ ಪುಂಡಿಯನ್ನೂ ಒಣಗಿಸಿದ್ದಾನೆ. ಇನ್ನು ಪಂಚಮಿಯ ಚಹಾವೂ ನಿಂತಿತು ಎಂದುಕೊಂಡೆ. ವರ್ಷಕ್ಕೊಮ್ಮೆ ಆ ಎರಡು ಮಾರು ದೂರದಲ್ಲಿ ಕುಳಿತು ಬರುವುದಕ್ಕಾಗಿಯೇ ಈ ಮುದುಕ ಬದುಕಿದ್ದಾನೆ ಎಂಬುದು ನನಗಷ್ಟೇ ಗೊತ್ತು.

ಅವ್ವ ನನ್ನನ್ನು ನೋಡಿದಳು. "ಅಂವಗ ಕೇಳು, ಇದಕ್ಕ ಒಂದ ಚಂಬೂ ಹಾಕಿಲ್ಲೇನು?"

ಕೇಳಿದೆ.

"ಇಲ್ಲ," ಎಂದ ಮಾವ, ನೆಲ ನೋಡುತ್ತ.

"ಮುಂದಿನ ಗುಲಾಬಿಗೆ ಹಾಕ್ಯಾನೇನು, ಕೇಳು."

"ಇಲ್ಲ."

ಅವ್ವ ನಂಬಲಿಲ್ಲ. ಮೊಣಕಾಲು ನೋವಿನ ಹೆಂಗಸು, ಮಗ್ಗುಲಲ್ಲಿದ್ದ ಕಳೆ ತೆಗೆಯುವ ಕುರ್ಚಿಗಿ ಎತ್ತಿಕೊಂಡು ಅಂಗಳಕ್ಕೆ ನಡೆದಳು. ಒಂದೊಂದು ಗಿಡದ ಬುಡದಲ್ಲೂ ಕುಕ್ಕರಗಾಲಲ್ಲಿ ಕುಳಿತು, ಕೆದರಿ, ಬೆರಳು ಇಳಿಸಿ ನೋಡಿದಳು. ಮೊದಲ ಗುಲಾಬಿ. ಎರಡನೆಯದು. ಹನ್ನೆರಡನ್ನೂ ಬಿಡಲಿಲ್ಲ. ಆಮೇಲೆ ಮಲ್ಲಿಗೆ. ಆಮೇಲೆ ಮಾವು. ಹಸಿಗಾಗಿ ಹುಡುಕುತ್ತಿದ್ದಳು, ಒಂದೇ ಒಂದು ಹಸಿ ಮಣ್ಣಿನ ಹೆಂಟೆಗಾಗಿ. ಅಷ್ಟು ಕಟ್ಟುನಿಟ್ಟಾದ ತನಿಖೆಯನ್ನು ನಾನು ನನ್ನ ಕಸುಬಿನಲ್ಲೂ ಕಂಡಿಲ್ಲ. ಹೆಂಡತಿ, ಮಕ್ಕಳು, ಟೀಚರಮ್ಮ, ಎಲ್ಲರೂ ಹಿಂದೆ ಹಿಂದೆ ನಡೆದೆವು. ಮಾವ ಮಾತ್ರ ಹಿತ್ತಲಿನಿಂದ ಮನೆಯ ಮೂಲೆಯವರೆಗೆ ಬಂದು ಅಲ್ಲೇ ನಿಂತಿದ್ದ.

ಎಲ್ಲೂ ಹಸಿ ಸಿಗಲಿಲ್ಲ.

ಅವ್ವ ಮಾವಿನ ಸಸಿಯ ಬುಡದಲ್ಲೇ ಕುಳಿತುಬಿಟ್ಟಳು. ಬೆರಳಿನ ಮಣ್ಣು ಒರೆಸಿಕೊಳ್ಳಲಿಲ್ಲ. ತಲೆ ಎತ್ತಿ, ನನ್ನನ್ನು ದಾಟಿ, ನೇರ ಅವನ ಮುಖವನ್ನೇ ನೋಡಿದಳು.

"ಒಂದಕ್ಕೂ ಬಿಟ್ಟಿಲ್ಲಲ್ಲೋ, ಹಲ್ಕಟ್ಟ!"

ಇಪ್ಪತ್ತೆರಡು ವರ್ಷದ ನಂತರ ಅಕ್ಕ ತಮ್ಮನಿಗೆ ಆಡಿದ ಮೊದಲ ಮಾತು ಇದು. ಮಾವ ಹತ್ತಿರ ಬಂದ.

"ಇಲ್ಲಕ್ಕ," ಎಂದ. "ಅವತ್ತೂ ಬಿಟ್ಟಿದ್ದಿಲ್ಲ. ಸಾಹುಕಾರ ನಾ ಇಲ್ಲದಾಗ ಕಾಲುವಿ ದಂಡಿ ಒಡದಿದ್ದ. ಮರುದಿನ ನಾನ ಮಣ್ಣು ಹೊತ್ತು ಮುಚ್ಚಿನಿ."

"ಅವತ್ತ ಹೇಳಾಕ ಏನಾಗಿತ್ತು?"

"ನೀ ಕೇಳಲಿಲ್ಲ."

ಅವ್ವ ಕೈ ಚಾಚಿದಳು. ಎಬ್ಬಿಸಲು ನಾನು ಮುಂದೆ ಬಂದೆ. ಇಷ್ಟು ವರ್ಷದ ರೂಢಿ, ಅವರಿಬ್ಬರ ನಡುವೆ ಹೋಗಿ ನಿಂತೆ.

"ಏ, ನೀ ಯಾಕ ನಡುವ ಬಂದಿ?" ಎಂದಳು ಅವ್ವ. "ಸರಿ ಅತ್ಲಾಗ. ನನ್ನ ತಮ್ಮ ಎಬ್ಬಸ್ತಾನ."