ಮುಟ್ಟಿದರೆ ಮೈಲಿಗೆ, ಮುಟ್ಟದಿದ್ದರೆ ನಿದ್ದೆ

ನಮ್ಮ ಅಡಿಗೆಮನೆಯ ಗೋಡೆಯಲ್ಲಿ ಒಂದು ಸ್ವಿಚ್ಚು ಮಲಗಿದೆ. ಹೊನ್ನಾವರದ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ ವಿಜ್ಞಾನ ಕಲಿಸಿದ ನನಗೆ ಸ್ಟಾಫ್ ರೂಮಿನಲ್ಲಿ ಐದು ನಿಮಿಷ ಕಣ್ಣು ಮುಚ್ಚುವ ಹಕ್ಕಿಲ್ಲ. ಉಗುರಿನಷ್ಟೂ ಇಲ್ಲದ ಒಂದು ಚಿಪ್ಪಿಗೆ ಮಾತ್ರ ಎಂಟು ಸೆಕೆಂಡು ಕಳೆದರೆ ನಿದ್ದೆ ಮಾಡುವ ಅಧಿಕಾರ! ಇದು ಯಾವ ನ್ಯಾಯ?

ತಪ್ಪು ನನ್ನದೇ ಎಂದು ನನ್ನ ಹೆಂಡತಿ ಮೂಕಾಂಬಿಕೆಯ ತೀರ್ಪು. (ಮೂಕತನವೆಲ್ಲ ಹೆಸರಿನಲ್ಲೇ ಖರ್ಚಾಗಿಹೋಗಿದೆ.) ಟಕ್ ಎನ್ನುವ ಹಳೆಯ ಸ್ವಿಚ್ಚುಗಳನ್ನು ಕೀಳಿಸಿ, ಮಂಕಿ ಊರಿನ ಎಲೆಕ್ಟ್ರಿಷಿಯನ್ ದಿನಕರನಿಂದ ಕನ್ನಡಿಯಂತೆ ಹೊಳೆಯುವ ಟಚ್ ಪ್ಯಾನೆಲ್ ಹಾಕಿಸಿದವನು ನಾನೇ, ಒಪ್ಪುತ್ತೇನೆ.

"ಇದ್ರೊಳಗೆ ಚಿಪ್ ಇದೆ ಮಾಸ್ತರ್ರೆ," ಎಂದು ದಿನಕರ ವಿವರಿಸಿದ್ದ. "ಎಂಟು ಸೆಕೆಂಡು ಯಾರೂ ಮುಟ್ಲಿಲ್ಲ ಅಂದ್ರೆ ಅದೇ ಮಲಗ್ತದೆ. ಕರೆಂಟ್ ಉಳೀತದೆ. ಒಂದ್ಸಲ ಮುಟ್ಟಿದ್ರೆ ಏಳ್ತದೆ, ಇನ್ನೊಂದ್ಸಲ ಮುಟ್ಟಿದ್ರೆ ಕೆಲ್ಸ ಮಾಡ್ತದೆ."

"ಚಿಪ್ಪು? ಅಡಿಗೆಮನೆ ಒಳಗೆ ಮೀನಿನ ಸಾಮಾನು ತಂದ್ಯಾ ತಮಾ?" ಎಂದು ನನ್ನನ್ನು ಹೆತ್ತ ಆಯಿ ಗಾಬರಿಯಾದಳು. ಸರಿಯಾಗಿ ಮುಟ್ಟುವುದನ್ನು ಹೇಳಿಕೊಡಿ ಎಂದಳು ಮೂಕಾಂಬಿಕೆ. ಮುಟ್ಟಳ್ಳಿಯಲ್ಲಿ ಹುಟ್ಟಿದವಳಿಗೆ ಮುಟ್ಟುವುದನ್ನೂ ಹೇಳಿಕೊಡಬೇಕೇ ಎಂದೆ. ಯಾರೂ ನಗಲಿಲ್ಲ.

ವಾರ ಕಳೆಯುವುದರೊಳಗೆ ಅಪ್ಪನ ತಿಥಿ ಬಂತು. ತಿಥಿಯ ಅಡಿಗೆಯೆಲ್ಲ ಮಡಿಯಲ್ಲಾಗಬೇಕು. ಮಿಂದು ಮಡಿಯುಟ್ಟವರು ತೊಳೆಯದ ವಸ್ತುವನ್ನು ಮುಟ್ಟುವಂತಿಲ್ಲ, ಸ್ವಿಚ್ಚನ್ನು ತೊಳೆಯುವಂತಿಲ್ಲ. ಅದಕ್ಕೇ ಆಯಿ ಪ್ರತಿವರ್ಷ ಒಣ ಕಟ್ಟಿಗೆಯ ತುಂಡಿನಿಂದ ಸ್ವಿಚ್ಚು ಒತ್ತಿ ವಡೆಯ ಉದ್ದನ್ನು ಗ್ರೈಂಡರಿಗೆ ಹಾಕುತ್ತಿದ್ದಳು. ಒಣ ಕಟ್ಟಿಗೆಯಲ್ಲಿ ಮೈಲಿಗೆ ಹರಿಯುವುದಿಲ್ಲ. ಈ ಸಲವೂ ಕಟ್ಟಿಗೆಯಿಂದ ಒತ್ತಿದಳು, ತಟ್ಟಿದಳು, ಕೊನೆಗೆ ಕುಟ್ಟಿದಳು.

"ಇದು ಸತ್ತೋಯ್ದು ತಮಾ."

"ಸತ್ತಿದ್ದಿಲ್ಲೆ ಆಯಿ, ಮಲಗಿದ್ದು. ಅದಕ್ಕೆ ಬೆರಳೇ ಬೇಕು."

ಅಪ್ಪನಿಗೆ ಉದ್ದಿನ ವಡೆಯೆಂದರೆ ಜೀವ. ಅವನ ಎಲೆಗೆ ವಡೆ ಬೀಳದ ತಿಥಿಯನ್ನು ನಾನು ಮಾಡಲಾರೆ, ಅದು ನನಗೆ ಸಂಕಟದ ಮಾತು. ತಿಥಿ ಮಾಡಿಸಲು ಬಂದು ಜಗಲಿಯಲ್ಲಿ ಕುಳಿತ ಪುರೋಹಿತ ನಾಗಭೂಷಣ ಭಟ್ಟರು ಗಡಿಯಾರ ನೋಡಿ, "ಹನ್ನೆರಡೂವರೆಗೆ ಎಲೆ ಹಾಕವು," ಎಂದರು. ಮಗಳು ಅರ್ಚಿತಾ ಪರೀಕ್ಷೆಗೆಂದು ಕುಮಟೆಗೆ ಹೋಗಿದ್ದಳು. ಹೊರಗಿನವರನ್ನು ಮಡಿಯ ಅಡಿಗೆಮನೆಗೆ ಕರೆಯುವಂತಿಲ್ಲ. ತಿಥಿ ಮಾಡುವ ನಾನೂ ಮಡಿಯಲ್ಲೇ ಇದ್ದೆ. ಆದರೂ ಪಿತೃಋಣಕ್ಕಾಗಿ ಬೆರಳನ್ನು ಅರ್ಪಿಸಿದೆ.

ಮುಟ್ಟಿದೆ. ಪ್ಯಾನೆಲ್ ನೀಲಿ ಕಣ್ಣು ಬಿಟ್ಟಿತು. ಸಂತೋಷದಿಂದ ಬಾವಿಕಟ್ಟೆಗೆ ಓಡಿ ತಣ್ಣೀರು ಸುರಿದುಕೊಂಡು ಬಂದೆ. ಅಷ್ಟರಲ್ಲಿ ಅದು ಮತ್ತೆ ಮಲಗಿತ್ತು! ಎರಡು ಸಲ ಮುಟ್ಟಬೇಕೆಂಬುದನ್ನು ವಿಜ್ಞಾನದ ಮಾಸ್ತರನೇ ಮರೆತಿದ್ದ. ಎರಡನೆಯ ಸಲ ಎರಡು ಬಾರಿ ಮುಟ್ಟಿದೆ. ಗ್ರೈಂಡರ್ ತಿರುಗಿತು, ನಾನು ಮಿಂದೆ. ಎರಡು ನಿಮಿಷಕ್ಕೆ, ನಿಲ್ಲಿಸಿ ಹಿಟ್ಟು ಕೆದಕಬೇಕು ಎಂದಳು ಆಯಿ. ನಿಲ್ಲಿಸಲಿಕ್ಕೂ ಅದನ್ನು ಮೊದಲು ಎಬ್ಬಿಸಬೇಕು! ಮತ್ತೆ ಮುಟ್ಟಿದೆ, ಮತ್ತೆ ಮಿಂದೆ. ಉಳಿದ ಕರೆಂಟಿನ ಲೆಕ್ಕ ದಿನಕರನಿಗೆ ಗೊತ್ತು, ನನ್ನ ಹಲ್ಲು ಕಟಕಟ ಎಂದದ್ದು ಬಾವಿಗೆ ಗೊತ್ತು.

"ಹಿಂಗೆ ಮಿಂದ್ರೆ ಬಾವಿ ಬತ್ತೋಗ್ತು," ಎಂದಳು ಮೂಕಾಂಬಿಕೆ. "ನೀವು ಬೆರಳು ಇಟ್ಕಂಡು ಅಲ್ಲೇ ನಿಂತ್ಕಳಿ. ಅದಕ್ಕೆ ನಿದ್ದೆ ಹೆಂಗೆ ಬತ್ತು ನೋಡ್ವ."

ಬೆರಳೂರಿ ನಿಂತೆ. ಸ್ವಲ್ಪ ಹೊತ್ತಿಗೆ ಪ್ಯಾನೆಲ್ ನನ್ನ ಇರವನ್ನೇ ಮರೆಯಿತು. (ಬೆರಳು ಹೆಚ್ಚು ಹೊತ್ತು ಇದ್ದರೆ ಚಿಪ್ಪು ಅದನ್ನು ಗೋಡೆಯ ಭಾಗವೆಂದು ತಿಳಿಯುತ್ತದಂತೆ. ದಿನಕರ ಇದನ್ನು ಹೇಳಿದ್ದು ಮರುದಿನ.) ಮನೆಯಲ್ಲಿ ನನ್ನನ್ನು ಗೋಡೆಯೆಂದು ತಿಳಿಯುವವರಿಗೆ ಮೊದಲೇ ಕೊರತೆಯಿರಲಿಲ್ಲ, ಈಗ ಗೋಡೆಯೂ ಸೇರಿಕೊಂಡಿತು. ನಾನು ನಾಲ್ಕನೆಯ ಸ್ನಾನಕ್ಕೆ ಹೋದೆ.

ಅಲ್ಲಿ ಕೊಡ ಎತ್ತುವಾಗ ಮಹಾ ಉಪಾಯ ಹೊಳೆಯಿತು. ಬಂದವನೇ ಬಾಗಿಲಲ್ಲಿ ನಿಂತು, "ಆಯಿ, ಆ ಬಾಳೆಕಾಯಿ ತಗಂಡು ಮುಟ್ಟು," ಎಂದೆ. ಒಂದು ಕೈಯಿಂದ ಗ್ರೈಂಡರಿನ ಅಂಚಿನ ಹಿಟ್ಟು ಸವರುತ್ತಿದ್ದ ಆಯಿ ಇನ್ನೊಂದು ಕೈಯಿಂದ ಬಾಳೆಕಾಯಿ ಹಿಡಿದು ಎರಡು ಸಲ ಮುಟ್ಟಿದಳು. ಗ್ರೈಂಡರ್ ಗರ್ರೆಂದು ತಿರುಗಿತು! ನನ್ನ ಎದೆ ಉಬ್ಬಿತು. ಜಗಲಿಗೆ ಕೇಳುವಂತೆ ಪಾಠ ಮಾಡಿದೆ. "ಒಣ ಕಟ್ಟಿಗೆಯಲ್ಲಿ ವಿದ್ಯುತ್ತು ಸಾಗ್ತಿಲ್ಲೆ. ಹಸಿ ಬಾಳೆಕಾಯಲ್ಲಿ ಸಾಗ್ತು. ಅಷ್ಟೇಯ."

"ಹಸಿದ್ರಲ್ಲಿ ವಿದ್ಯುತ್ತು ಸಾಗ್ತು ಹೇಳಾದ್ರೆ," ಎಂದು ಭಟ್ಟರು ನಿಧಾನವಾಗಿ ಕೇಳಿದರು, "ಮೈಲಿಗೆಯೂ ಸಾಗ್ತಲ ನಾಗಪತಿ?"

ಬಾಳೆಕಾಯಿಯಿಂದ ಆಯಿಗೆ, ಆಯಿಯಿಂದ ಹಿಟ್ಟಿಗೆ ಮೈಲಿಗೆ ಹರಿದು ಮುಗಿದಿತ್ತು. ಹಿಟ್ಟು ದನದ ಅಕ್ಕಚ್ಚಿನ ಬಾನಿಗೆ ಹೋಯಿತು, ಆಯಿ ಬಾವಿಕಟ್ಟೆಗೆ ಹೋದಳು. ನೆನೆಸಿದ ಉದ್ದು ಅರ್ಧ ಪಾತ್ರೆ ಉಳಿದಿತ್ತು. ಹಿತ್ತಿಲ ಒರಳುಕಲ್ಲನ್ನು ತೊಳೆಯುತ್ತ ಮೂಕಾಂಬಿಕೆ ಹೇಳಿದಳು, "ನಂಗೆ ಪಾಯಸ ಇದ್ದು, ಪಲ್ಯ ಇದ್ದು. ಹಾಳು ಮಾಡಿದವ್ವೇ ರುಬ್ಬಲಿ."

ಬೆಳಗಿನಿಂದ ಹನಿ ಚಹಾ ಕುಡಿಯದ ನಾನು ರುಬ್ಬಿದೆ. ಚಿಪ್ಪಿಗೆ, ಅದನ್ನು ಮಲಗಲು ಕಲಿಸಿದವನಿಗೆ, ಅವನ ಮಾಸ್ತರನಿಗೆ ಸಹಸ್ರನಾಮ ಹೇಳುತ್ತ ರುಬ್ಬಿದೆ. ಸಿಟ್ಟಿಗೆ ಹಿಟ್ಟು ಬೆಣ್ಣೆಯಾಯಿತು. ಹನ್ನೆರಡೂವರೆಗೆ ಸರಿಯಾಗಿ ಅಪ್ಪನ ಎಲೆಗೆ ಬಿಸಿ ವಡೆ ಬಿತ್ತು. ಕೈ ಮುಗಿಯಲು ತೋಳು ಏಳದಿದ್ದರೂ ಮನಸ್ಸು ತುಂಬಿತು.

ಊಟದಲ್ಲಿ ಭಟ್ಟರು ವಡೆ ಮುರಿದು, "ಇಂಥ ವಡೆ ತಿನ್ನದೆ ಎಷ್ಟು ಕಾಲ ಆಗಿತ್ತು," ಎಂದರು.

"ತಮ್ಮನೇ ರುಬ್ಬಿದ್ದು," ಎಂದು ಆಯಿ ಮಗನ ಬಗ್ಗೆ ಹೆಮ್ಮೆಪಟ್ಟಳು. "ಮುಂದಿನ ತಿಂಗ್ಳು ಕುಮಟೆ ದೊಡ್ಡಪ್ಪನ ಮನೆ ತಿಥಿಗೂ ಇವನ್ನೇ ಕಳಿಸ್ತೆ."

"ಅವ್ರ ಮನೆ ಸ್ವಿಚ್ಚು ಸರಿ ಇದ್ದು ಆಯಿ, ಗ್ರೈಂಡರೂ ಸರಿ ಇದ್ದು," ಎಂದೆ.

"ಇದ್ರೆ ಎಂತಾತು? ಗ್ರೈಂಡರಿಗೆ ಇಷ್ಟು ನುಣ್ಣಗೆ ಬತ್ತಿಲ್ಲೆ."

ಭಟ್ಟರು ನನ್ನ ತೋಳನ್ನೇ ನೋಡುತ್ತ ಒಂಬತ್ತನೆಯ ವಡೆಗೆ ಕೈ ಹಾಕಿದರು. "ನನ್ನ ಕೈಲಿ ಈ ತಿಂಗ್ಳೇ ಇನ್ನೂ ಹನ್ನೊಂದು ತಿಥಿ ಇದ್ದು," ಎಂದರು.